ಕ್ಯಾಮ್‌ಕಾರ್ಡರ್ ಫೈಲುಗಳಿಗೆ ಶಟರ್ ಎನ್‌ಕೋಡರ್: ಡಬ್ಬಿ ಬದಲಿಸುವುದೂ ಒಳಗಿನದನ್ನು ಬದಲಿಸುವುದೂ

ಹಳೆಯ ಕ್ಯಾಮ್‌ಕಾರ್ಡರಿನ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಒಂದರೊಳಗೊಂದು ಅಡಗಿದ ಫೋಲ್ಡರುಗಳು ಎದುರಾಗುತ್ತವೆ. 'ಪ್ರೈವೇಟ್' ಎಂಬುದರೊಳಗೆ 'ಎವಿಸಿಎಚ್‌ಡಿ', ಅದರೊಳಗೆ 'ಬಿಡಿಎಂವಿ', ಅದರೊಳಗೆ 'ಸ್ಟ್ರೀಮ್'; ಅಷ್ಟು ಬಾಗಿಲು ತೆರೆದ ಮೇಲೆ 00000, 00001, 00002 ಎಂದು ಬರೀ ಅಂಕಿಗಳನ್ನೇ ಹೆಸರಾಗಿ ಹೊತ್ತ ಎಂಟಿಎಸ್ ಫೈಲುಗಳು ಸಿಗುತ್ತವೆ. ನನ್ನ ಬಳಿ ಅಂಥ ಫೈಲುಗಳು ಒಂದು ಹಾರ್ಡ್ ಡಿಸ್ಕ್ ತುಂಬುವಷ್ಟು ಇದ್ದವು. ಅವುಗಳಲ್ಲಿ ಈಗ ನಮ್ಮೊಡನಿಲ್ಲದವರ ಮುಖಗಳೂ ದನಿಗಳೂ ಇದ್ದುದರಿಂದ, ಒಂದು ಫ್ರೇಮೂ ಕೆಡದಂತೆ ಅವನ್ನು ಎಡಿಟಿಂಗ್ ತಂತ್ರಾಂಶಕ್ಕೆ ಒಗ್ಗಿಸಬೇಕೆಂದು ಹಲವು ಪರಿವರ್ತಕಗಳನ್ನು ಬಳಸಿ ನೋಡಿದೆ. ಕೊನೆಗೆ ನನ್ನ ಕಂಪ್ಯೂಟರಿನಲ್ಲಿ ನೆಲೆ ನಿಂತದ್ದು ಶಟರ್ ಎನ್‌ಕೋಡರ್ ಎಂಬ ಉಚಿತ ತಂತ್ರಾಂಶ. ಈ ವಿಮರ್ಶೆ ಮುಖ್ಯವಾಗಿ ಅದರದು; ಹ್ಯಾಂಡ್‌ಬ್ರೇಕ್ ಮತ್ತು ಎಫ್‌ಎಫ್‌ಎಂಪೆಗ್ ಎಂಬ ಬೇರೆರಡು ಉಚಿತ ಪರಿವರ್ತಕಗಳ ಮಾತು ಹೋಲಿಕೆಗಾಗಿ ಬರುತ್ತದೆ.

ತಂತ್ರಾಂಶದ ಗುಣದೋಷಗಳಿಗೆ ಬರುವ ಮೊದಲು ಈ ಫೈಲುಗಳು ಏಕೆ ಮೊಂಡುತನ ಮಾಡುತ್ತವೆ ಎಂಬುದನ್ನು ಹೇಳಬೇಕು. ಎವಿಸಿಎಚ್‌ಡಿ ಎಂಬ ವಿಧಾನವನ್ನು ಸೋನಿ ಮತ್ತು ಪ್ಯಾನಾಸೋನಿಕ್ ಸೇರಿ 2006ರಲ್ಲಿ ಪ್ರಕಟಿಸಿದವು. ಅದರಲ್ಲಿ ಚಿತ್ರವು ಎಚ್.264 ಎಂಬ ಕೋಡೆಕ್‌ನಲ್ಲಿಯೂ (ಚಿತ್ರವನ್ನು ಅಡಕಮಾಡಿ ಬರೆಯುವ, ಮತ್ತೆ ಬಿಡಿಸುವ ವಿಧಾನ) ಧ್ವನಿಯು ಹೆಚ್ಚಾಗಿ ಡಾಲ್ಬಿಯ ಎಸಿ-3 ರೂಪದಲ್ಲಿಯೂ ಇದ್ದು, ಎರಡನ್ನೂ ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂಬ ಡಬ್ಬಿಯಲ್ಲಿ ತುಂಬಿರುತ್ತಾರೆ. ಎಡಿಟಿಂಗ್ ತಂತ್ರಾಂಶವು ಈ ಮೂರರಲ್ಲಿ ಯಾವುದಕ್ಕೆ ಮುಖ ತಿರುಗಿಸಿದರೂ ನಮಗೆ ತೊಂದರೆ, ಆದರೆ ತೊಂದರೆಯ ಲಕ್ಷಣ ಪ್ರತಿಯೊಂದಕ್ಕೂ ಬೇರೆ. ಫೈಲು ಒಳಗೇ ಬರುವುದಿಲ್ಲವೆಂದರೆ ಬಹುಪಾಲು ಡಬ್ಬಿಯ ದೋಷ. ಚಿತ್ರ ಬಂದು ಧ್ವನಿ ಮೂಕವಾದರೆ ಎಸಿ-3 ಕಾರಣ. ಎರಡೂ ಬಂದು ಟೈಮ್‌ಲೈನಿನಲ್ಲಿ, ಅಂದರೆ ತುಣುಕುಗಳನ್ನು ಸಾಲಾಗಿ ಜೋಡಿಸುವ ಪಟ್ಟಿಯಲ್ಲಿ, ಚಿತ್ರ ತಡವರಿಸಿದರೆ ಕೋಡೆಕ್ಕಿನ ಭಾರ. ಈ ಮೂರನ್ನು ಬೇರ್ಪಡಿಸಿ ನೋಡದೆ ಎಲ್ಲಕ್ಕೂ 'ಕನ್ವರ್ಟ್' ಎಂಬ ಒಂದೇ ಗುಂಡಿ ಒತ್ತುವುದರಿಂದಲೇ ಎಷ್ಟೋ ಒಳ್ಳೆಯ ಚಿತ್ರೀಕರಣ ಮಸುಕಾಗಿ ಹೋಗಿದೆ.

ಕೋಡೆಕ್ಕಿನ ಭಾರ ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಚ್.264ರಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿರುವುದಿಲ್ಲ. ಆಗೊಂದು ಈಗೊಂದು ಫ್ರೇಮನ್ನು ಮಾತ್ರ ಪೂರ್ತಿ ಬರೆದು, ನಡುವಿನವುಗಳಲ್ಲಿ ಹಿಂದಿನದಕ್ಕಿಂತ ಅಥವಾ ಮುಂದಿನದಕ್ಕಿಂತ ಏನು ಬದಲಾಯಿತು ಎಂಬುದಷ್ಟನ್ನೇ ಕ್ಯಾಮೆರಾ ಬರೆದಿಡುತ್ತದೆ. ಚಿಕ್ಕ ಕಾರ್ಡಿನಲ್ಲಿ ಗಂಟೆಗಟ್ಟಲೆ ಚಿತ್ರೀಕರಣ ಹಿಡಿಸುವುದು ಈ ಜಾಣ್ಮೆಯಿಂದಲೇ. ಆದರೆ ಎಡಿಟ್ ಮಾಡುವಾಗ ನಾವು ಕತ್ತರಿ ಇಡುವುದು ಬಹುತೇಕ ಇಂಥ ಅರೆಬರೆ ಫ್ರೇಮಿನ ಮೇಲೆಯೇ. ಆ ಒಂದು ಚಿತ್ರವನ್ನು ತೋರಿಸಲು ಕಂಪ್ಯೂಟರು ಹಿಂದಿನ ಪೂರ್ಣ ಫ್ರೇಮಿನವರೆಗೆ ಓಡಿಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕಾಗುತ್ತದೆ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿ ಮುಂತಾದ ಎಡಿಟಿಂಗ್ ಕೋಡೆಕ್‌ಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾಗಿರುವುದರಿಂದ ಈ ಓಡಾಟವೇ ಇರುವುದಿಲ್ಲ.

ಶಟರ್ ಎನ್‌ಕೋಡರ್ ನನಗೆ ಹಿಡಿಸಿದ ಮೊದಲ ಕಾರಣ, ಅದು ತನ್ನ ಕೆಲಸಗಳ ಪಟ್ಟಿಯಲ್ಲಿಯೇ ಈ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಪರಿವರ್ತನೆಯಿಲ್ಲದ ಕೆಲಸಗಳು ಒಂದು ಗುಂಪು, ಎಡಿಟಿಂಗ್ ಕೋಡೆಕ್‌ಗಳು ಇನ್ನೊಂದು, ಕೊನೆಗೆ ಹಂಚಲು ಬೇಕಾದ ಎಚ್.264, ಎಚ್.265ರಂಥವು ಮತ್ತೊಂದು. ಮೊದಲ ಗುಂಪಿನಲ್ಲಿರುವ 'ರೀರ್‍ಯಾಪ್' ಎಂಬುದು ಒಳಗಿನ ಚಿತ್ರವನ್ನು ಮುಟ್ಟದೆ ಎಂಟಿಎಸ್ ಡಬ್ಬಿಯಿಂದ ತೆಗೆದು ಎಂಒವಿ ಅಥವಾ ಎಂಪಿ4 ಡಬ್ಬಿಗೆ ಹಾಕುತ್ತದೆ. ಚಿತ್ರವನ್ನು ಮತ್ತೆ ಲೆಕ್ಕ ಹಾಕುವ ಕೆಲಸವೇ ಇಲ್ಲವಾದ್ದರಿಂದ, ಡಿಸ್ಕಿನಿಂದ ಡಿಸ್ಕಿಗೆ ನಕಲು ಮಾಡಲು ಹಿಡಿಯುವಷ್ಟೇ ಹೊತ್ತು ಸಾಕು. ಗುಣಮಟ್ಟದಲ್ಲಿ ಕೂದಲೆಳೆಯಷ್ಟೂ ನಷ್ಟವಿಲ್ಲ. ಇಂದಿನ ಕಂಪ್ಯೂಟರುಗಳಲ್ಲಿ ಎಚ್.264 ಅನ್ನು ಬಿಡಿಸಲೆಂದೇ ಪ್ರತ್ಯೇಕ ಸರ್ಕ್ಯೂಟು ಇರುವುದರಿಂದ, ನನ್ನ ಫೈಲುಗಳಲ್ಲಿ ಮುಕ್ಕಾಲು ಪಾಲಿಗೆ ಇಷ್ಟೇ ಸಾಕಾಯಿತು. ಆದ್ದರಿಂದ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಒಂದು ಫೈಲಿನ ಡಬ್ಬಿ ಬದಲಿಸಿ, ಎಡಿಟಿಂಗ್ ತಂತ್ರಾಂಶದಲ್ಲಿ ತೆರೆದು, ಹಿಂದೆ ಮುಂದೆ ಎಳೆದು ನೋಡಿ. ಸಲೀಸಾಗಿ ಓಡಿದರೆ ಮುಂದಿನ ಪರಿವರ್ತನೆಯ ಗೊಡವೆಗೆ ಹೋಗಬೇಡಿ.

ಸಲೀಸಾಗಿ ಓಡದಿದ್ದರೆ ಎರಡನೆಯ ಗುಂಪಿಗೆ ಹೋಗಬೇಕು. ಆಪಲ್ 2007ರಲ್ಲಿ ತಂದ ಪ್ರೋರೆಸ್, ಅವಿಡ್ 2004ರಲ್ಲಿ ತಂದ ಡಿಎನ್‌ಎಕ್ಸ್‌ಎಚ್‌ಡಿ, ಯಾವ ಅಳತೆಯ ಚಿತ್ರಕ್ಕೂ ಹೊಂದುವ ಅದರ ತಮ್ಮ ಡಿಎನ್‌ಎಕ್ಸ್‌ಎಚ್‌ಆರ್, ಇವೆಲ್ಲವೂ ಶಟರ್ ಎನ್‌ಕೋಡರಿನಲ್ಲಿವೆ. ಇಲ್ಲಿ ತೆರಬೇಕಾದ ಬೆಲೆ ಡಿಸ್ಕಿನ ಜಾಗ. ಸೆಕೆಂಡಿಗೆ 17 ಮೆಗಾಬಿಟ್ ದರದಲ್ಲಿ ಚಿತ್ರಿಸಿದ ಒಂದು ಗಂಟೆಯ ಎವಿಸಿಎಚ್‌ಡಿ ಸುಮಾರು ಏಳೂವರೆ ಗಿಗಾಬೈಟ್ ಇರುತ್ತದೆ. ಅದನ್ನೇ ಪ್ರೋರೆಸ್ 422ಕ್ಕೆ ಬದಲಿಸಿದರೆ, ಸೆಕೆಂಡಿಗೆ 25 ಫ್ರೇಮಿನ ಪೂರ್ಣ ಎಚ್‌ಡಿ ಚಿತ್ರಕ್ಕೆ ದರ ಸುಮಾರು 122 ಮೆಗಾಬಿಟ್ ಆಗಿ, ಗಂಟೆಯೊಂದು 55 ಗಿಗಾಬೈಟ್ ಮುಟ್ಟುತ್ತದೆ. ಇಷ್ಟು ದೊಡ್ಡದಾಯಿತೆಂದು ಚಿತ್ರವೇನೂ ಮೊದಲಿಗಿಂತ ಚೆನ್ನಾಗುವುದಿಲ್ಲ. ಮುಂದೆ ಬಣ್ಣ ತಿದ್ದಿ, ಕತ್ತರಿಸಿ, ಮತ್ತೆ ಬರೆಯುವಾಗ ಅದು ಹಾಳಾಗದಂತೆ ಈ ರೂಪ ಕಾಯುತ್ತದೆ, ಅಷ್ಟೇ. ಕ್ಯಾಮ್‌ಕಾರ್ಡರಿನ ಮೂಲಕ್ಕೆ ಅದರ ಹಗುರ ರೂಪವಾದ ಪ್ರೋರೆಸ್ ಎಲ್‌ಟಿ ಸಾಕು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಗಂಟೆಗೆ 38 ಗಿಗಾಬೈಟ್ ಆಗುತ್ತದೆ, ಮತ್ತು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ದೊಡ್ಡ ಪರದೆಯಲ್ಲಿ ನೋಡಿದಾಗಲೂ ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. ಇನ್ನೂ ಭಾರದ ರೂಪವಾದ 422 ಎಚ್‌ಕ್ಯು ಆಯ್ದುಕೊಳ್ಳುವುದು ಇಂಥ ಮೂಲಕ್ಕೆ ಜಾಗ ದಂಡ.

ಇನ್ನು ಇಂಟರ್‌ಲೇಸ್ ವಿಷಯ. ಬಹುಪಾಲು ಹಳೆಯ ಕ್ಯಾಮ್‌ಕಾರ್ಡರುಗಳು ಒಂದು ಫ್ರೇಮನ್ನು ಎರಡು ಅರ್ಧಗಳಾಗಿ, ಬೆಸ ಗೆರೆಗಳನ್ನು ಒಮ್ಮೆ ಸಮ ಗೆರೆಗಳನ್ನು ಇನ್ನೊಮ್ಮೆ, ಹಿಡಿಯುತ್ತವೆ. ಎರಡು ಅರ್ಧಗಳ ನಡುವೆ ಸೆಕೆಂಡಿನ 50ನೆಯ ಒಂದು ಭಾಗ ಕಳೆದಿರುತ್ತದೆ. ನನ್ನ ಬಳಿಯ ಒಂದು ತುಣುಕಿನಲ್ಲಿ ಮಗುವೊಂದು ಮೊದಲ ಹೆಜ್ಜೆ ಇಡುತ್ತ ಎರಡೂ ಕೈಗಳನ್ನು ಬೀಸುತ್ತದೆ. ಪರಿವರ್ತಿಸಿದ ಫೈಲನ್ನು ಅಲ್ಲಿ ನಿಲ್ಲಿಸಿ ನೋಡಿದಾಗ ಹಿಂದಿನ ಗೋಡೆ, ಕಿಟಕಿ, ನೆಲ ಎಲ್ಲವೂ ತಿಳಿಯಾಗಿದ್ದು, ಆ ಎರಡು ಪುಟ್ಟ ಕೈಗಳ ಅಂಚು ಮಾತ್ರ ಬಾಚಣಿಗೆಯ ಹಲ್ಲುಗಳಂತೆ ಸೀಳಿಹೋಗಿತ್ತು. ಚಲಿಸುವ ವಸ್ತುವಿಗೆ ಮಾತ್ರ ಆಗುವ ಈ ಸೀಳು ಅರ್ಧಗಳನ್ನು ಅವಸರದಲ್ಲಿ ಬೆರೆಸಿದ್ದರ ಗುರುತು. ಶಟರ್ ಎನ್‌ಕೋಡರಿನಲ್ಲಿ ಈ ಅರ್ಧಗಳನ್ನು ಪೂರ್ಣ ಫ್ರೇಮುಗಳಾಗಿಸುವ, ಯಾಡಿಫ್, ಬಿಡಬ್ಲ್ಯೂಡಿಫ್ ಎಂಬ ಡಿಇಂಟರ್‌ಲೇಸ್ ವಿಧಾನಗಳಿವೆ. ಎರಡನೆಯದನ್ನು ಬಳಸಿ, ಪ್ರತಿ ಅರ್ಧವನ್ನೂ ಒಂದು ಪೂರ್ಣ ಫ್ರೇಮಾಗಿಸಿ ಸೆಕೆಂಡಿಗೆ 50 ಫ್ರೇಮು ಬರುವಂತೆ ಮಾಡಿದಾಗ ಕೈಗಳ ಅಂಚು ಸರಿಹೋದದ್ದಲ್ಲದೆ ಆ ತಡವರಿಕೆಯ ನಡಿಗೆಯ ಸಹಜ ಓಟವೂ ಉಳಿಯಿತು. 25 ಫ್ರೇಮಿಗೆ ಇಳಿಸಿದ್ದರೆ ಚಲನೆಯ ಅರ್ಧದಷ್ಟು ಮಾಹಿತಿ ಸುಮ್ಮನೆ ಕಸದ ಬುಟ್ಟಿಗೆ ಹೋಗುತ್ತಿತ್ತು.

ತಂತ್ರಾಂಶ ತಾನಾಗಿಯೇ ಬಗೆಹರಿಸದ ಒಂದು ತೊಡಕೂ ಇದೆ. ಉದ್ದನೆಯ ಚಿತ್ರೀಕರಣವನ್ನು ಕ್ಯಾಮ್‌ಕಾರ್ಡರು ಒಂದೇ ಫೈಲಾಗಿ ಬರೆಯುವುದಿಲ್ಲ. ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡುವ ಫ್ಯಾಟ್32 ವ್ಯವಸ್ಥೆಯಲ್ಲಿ ಫೈಲೊಂದು 4 ಗಿಗಾಬೈಟ್ ಮೀರುವಂತಿಲ್ಲವಾದ್ದರಿಂದ, ಕ್ಯಾಮೆರಾಕ್ಕನುಗುಣವಾಗಿ 2 ಅಥವಾ 4 ಗಿಗಾಬೈಟ್ ಆದೊಡನೆ ಅದು ಫೈಲನ್ನು ತುಂಡರಿಸಿ ಮುಂದಿನ ಅಂಕಿಗೆ ಹೋಗುತ್ತದೆ. ಈ ತುಂಡುಗಳನ್ನು ಒಂದೊಂದಾಗಿ ಪರಿವರ್ತಿಸಿ ಟೈಮ್‌ಲೈನಿನಲ್ಲಿ ಜೋಡಿಸಿದರೆ ಸಂಧಿಯಲ್ಲಿ ಕ್ಷಣದ ಒಂದು ಚೂರು ಕಾಣೆಯಾಗುತ್ತದೆ. ಅಜ್ಜಿಯೊಬ್ಬರು ಹಾಡುತ್ತಿದ್ದ ಚಿತ್ರೀಕರಣದಲ್ಲಿ ನನಗೆ ಇದು ಗೊತ್ತಾಯಿತು: ಏರುದನಿಯಲ್ಲಿ ಎಳೆದಿದ್ದ ಒಂದು ಸ್ವರ ನಡುವೆ 'ಟಪ್' ಎಂದು ಮುಗ್ಗರಿಸಿ ಮುಂದುವರಿಯುತ್ತಿತ್ತು. ಆ ಸ್ವರ ಅವರು ತಪ್ಪಿ ಹಾಡಿದ್ದಲ್ಲ, ಸಂಧಿಯಲ್ಲಿ ಧ್ವನಿಯ ಪೊಟ್ಟಣಗಳು ಅರ್ಧ ಈ ಫೈಲಿನಲ್ಲಿ ಅರ್ಧ ಆ ಫೈಲಿನಲ್ಲಿ ಉಳಿದಿದ್ದವು. ಪರಿಹಾರ ಸುಲಭ, ಆದರೆ ಕ್ರಮ ಮುಖ್ಯ. ಪರಿವರ್ತನೆಗೆ ಮೊದಲೇ ಮೂಲ ಎಂಟಿಎಸ್ ತುಂಡುಗಳನ್ನು ಬೈಟಿಗೆ ಬೈಟು ಹೊಂದಿಸಿ ಒಂದೇ ಫೈಲಾಗಿ ಸೇರಿಸಬೇಕು. ವಿಂಡೋಸ್‌ನಲ್ಲಿ 'ಕಾಪಿ' ಆದೇಶವನ್ನು ಬೈನರಿ ರೀತಿಯಲ್ಲಿ ಕೊಟ್ಟರೆ, ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ 'ಕ್ಯಾಟ್' ಆದೇಶ ಕೊಟ್ಟರೆ ಇದಾಗುತ್ತದೆ. ಟ್ರಾನ್ಸ್‌ಪೋರ್ಟ್ ಸ್ಟ್ರೀಮ್ ಎಂಬ ಡಬ್ಬಿ ಹೀಗೆ ತುದಿಗೆ ತುದಿ ಜೋಡಿಸಲು ತಕ್ಕಂತೆಯೇ ರಚನೆಯಾಗಿದೆ. ಸೇರಿಸಿದ ಫೈಲನ್ನು ಶಟರ್ ಎನ್‌ಕೋಡರಿಗೆ ಕೊಟ್ಟಾಗ ಅಜ್ಜಿಯ ಸ್ವರ ಒಡೆಯದೆ ಬಂತು. ಹಾಗೆ ಜೋಡಿಸುವುದು ಒಂದೇ ಚಿತ್ರೀಕರಣದ ತುಂಡುಗಳನ್ನು ಮಾತ್ರ. ನಡುವೆ ಕ್ಯಾಮೆರಾ ನಿಲ್ಲಿಸಿ ಮತ್ತೆ ಶುರು ಮಾಡಿದವನ್ನು ಬೇರೆ ಬೇರೆಯಾಗಿಯೇ ಇಡಬೇಕು.

ಹ್ಯಾಂಡ್‌ಬ್ರೇಕ್ ಬಗ್ಗೆ ನನಗೆ ಗೌರವವಿದೆ. 2003ರಿಂದ ಬೆಳೆದು ಬಂದ, ಮುಕ್ತವಾಗಿ ಸಿಗುವ, ಮೊದಲ ಬಾರಿಗೆ ಕೈಹಾಕುವವರಿಗೂ ಅರ್ಥವಾಗುವ ತಂತ್ರಾಂಶ ಅದು. ಆದರೆ ಅದು ಎಡಿಟಿಂಗ್ ಮುಗಿದ ಮೇಲಿನ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಡಬ್ಬಿಯನ್ನಷ್ಟೇ ಬದಲಿಸುವ ದಾರಿ ಅಲ್ಲಿಲ್ಲ; ಚಿತ್ರವನ್ನು ಅದು ಯಾವಾಗಲೂ ಹೊಸದಾಗಿಯೇ ಬರೆಯುತ್ತದೆ. ತೆರೆದ ಕೂಡಲೇ ಆಯ್ಕೆಯಾಗಿರುವ 'ಫಾಸ್ಟ್ 1080ಪಿ30' ಎಂಬ ಸಿದ್ಧ ಹೊಂದಾಣಿಕೆಯು ಫ್ರೇಮುಗಳ ವೇಗವನ್ನು 30ಕ್ಕೆ ಮಿತಿಗೊಳಿಸುವುದರಿಂದ, ಮೇಲೆ ಹೇಳಿದ 50 ಫ್ರೇಮಿನ ಓಟ ಅಲ್ಲಿ ಉಳಿಯುವುದಿಲ್ಲ. ಫ್ರೇಮ್‌ರೇಟ್ ಅನ್ನು ಕೈಯಾರೆ ಬದಲಿಸಬೇಕಾಗುತ್ತದೆ. ಎಡಿಟ್ ಮಾಡಿ ಮುಗಿಸಿದ ಚಿತ್ರವನ್ನು ಮನೆಮಂದಿಗೆ ಕಳಿಸಲು ಚಿಕ್ಕದಾಗಿಸುವಾಗ ಮಾತ್ರ ನಾನು ಅದರ ಮೊರೆ ಹೋಗುತ್ತೇನೆ. ಪೂರ್ಣ ಎಚ್‌ಡಿ ಚಿತ್ರಕ್ಕೆ ಗುಣಮಟ್ಟವನ್ನು ನಿರ್ಧರಿಸುವ ಆರ್‌ಎಫ್ ಮೌಲ್ಯವನ್ನು 20ರಿಂದ 24ರ ನಡುವೆ ಇಟ್ಟರೆ ಒಳ್ಳೆಯ ಫಲ ಸಿಗುತ್ತದೆ.

ಎಫ್‌ಎಫ್‌ಎಂಪೆಗ್ ಈ ಎಲ್ಲಕ್ಕೂ ಬೇರು. ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಆರಂಭಿಸಿದ ಈ ಯೋಜನೆಯನ್ನೇ ಶಟರ್ ಎನ್‌ಕೋಡರ್ ಒಳಗಿಂದ ನಡೆಸುತ್ತದೆ. ಆದೇಶಗಳನ್ನು ಟೈಪ್ ಮಾಡಲು ಹಿಂಜರಿಯದವರಿಗೆ ಅದೊಂದೇ ಸಾಕು. ಚಿತ್ರವನ್ನು ಇದ್ದಂತೆಯೇ ನಕಲಿಸಿ ಧ್ವನಿಯನ್ನು ಮಾತ್ರ ಎಸಿ-3ರಿಂದ ಪಿಸಿಎಂ ಎಂಬ ಅಡಕಮಾಡದ ರೂಪಕ್ಕೆ ಬದಲಿಸಿ ಎಂಒವಿ ಡಬ್ಬಿಯಲ್ಲಿಡು ಎಂದು ಒಂದೇ ಸಾಲಿನಲ್ಲಿ ಹೇಳಬಹುದು. ಚಿತ್ರ ಬಂದು ಧ್ವನಿ ಬಾರದ ಫೈಲುಗಳಿಗೆ ಇದಕ್ಕಿಂತ ಚೊಕ್ಕ ಮದ್ದಿಲ್ಲ.

ಹಣ ಕೊಟ್ಟು ಕೊಂಡ ಒಂದು ಪರಿವರ್ತಕದ ಅನುಭವವನ್ನೂ ಹೇಳಬೇಕು. ಪ್ರಾಯೋಗಿಕ ಆವೃತ್ತಿಯಲ್ಲಿ ಚಿತ್ರದ ನಟ್ಟನಡುವೆ ಅದರ ಹೆಸರಿನ ಮುದ್ರೆ ಬೀಳುತ್ತಿತ್ತು. ಹಣ ತೆತ್ತ ಮೇಲೆ ಮುದ್ರೆ ಹೋಯಿತು, ಆದರೆ 1440 ಗುಣಿಸು 1080ರ ಫೈಲುಗಳಲ್ಲಿ ಎಲ್ಲರೂ ತೆಳ್ಳಗಾಗಿ, ಉದ್ದುದ್ದವಾಗಿ ಕಾಣತೊಡಗಿದರು. ಈ ಅಳತೆಯಲ್ಲಿ ಚಿತ್ರಿಸುವ ಕ್ಯಾಮೆರಾಗಳ ಪಿಕ್ಸೆಲ್ಲುಗಳು ಚೌಕವಲ್ಲ, ತೋರಿಸುವಾಗ ಅಡ್ಡಕ್ಕೆ ಹಿಗ್ಗಿಸಬೇಕು ಎಂಬ ಸೂಚನೆಯನ್ನು ಆ ತಂತ್ರಾಂಶ ಓದಲೇ ಇಲ್ಲ. ಅದೇ ಫೈಲುಗಳನ್ನು ಶಟರ್ ಎನ್‌ಕೋಡರ್ ಸರಿಯಾದ ಆಕಾರದಲ್ಲಿಯೇ ಕೊಟ್ಟಿತು.

ಇನ್ನೂ ಹಳೆಯ ಬಗೆಗಳಿಗೆ ಹೆಚ್ಚು ಮಾತು ಬೇಕಿಲ್ಲ. ಎಂಒಡಿ ಎಂಬ ಫೈಲುಗಳು ವಾಸ್ತವವಾಗಿ ಎಂಪೆಗ್-2. ಹೆಸರಿನ ಕೊನೆಯನ್ನು ಎಂಪಿಜಿ ಎಂದು ತಿದ್ದಿದರೇ ಹೆಚ್ಚಿನವು ತೆರೆಯುತ್ತವೆ, ಅಗಲ ಪರದೆಯ ಗುರುತು ಇಲ್ಲದಿದ್ದರೆ ಅದನ್ನು ಎಡಿಟಿಂಗ್ ತಂತ್ರಾಂಶದಲ್ಲಿ ಹೇಳಿಕೊಡಬೇಕು. ಮಿನಿಡಿವಿ ಟೇಪನ್ನು ಫೈರ್‌ವೈರ್ ತಂತಿಯ ಮೂಲಕ ಪೂರ್ತಿ ಓಡಿಸಿಯೇ ಇಳಿಸಿಕೊಳ್ಳಬೇಕು, ಗಂಟೆಯ ಟೇಪಿಗೆ ಗಂಟೆಯೇ ಬೇಕು. ಸಿಗುವ ಸುಮಾರು 13 ಗಿಗಾಬೈಟಿನ ಡಿವಿ ಫೈಲಿನಲ್ಲಿ ಪ್ರತಿ ಫ್ರೇಮೂ ಸ್ವತಂತ್ರವಾಗಿರುವುದರಿಂದ ಅದಕ್ಕೆ ಪರಿವರ್ತನೆಯ ಹಂಗಿಲ್ಲ.

ಶಟರ್ ಎನ್‌ಕೋಡರಿನ ಕೊರತೆಗಳಲ್ಲಿ ಮೊದಲನೆಯದು ಅದರ ಕಿಟಕಿ. ಕೆಲಸವೊಂದನ್ನು ಆರಿಸಿದೊಡನೆ ಬಲಕ್ಕೆ ತೆರೆದುಕೊಳ್ಳುವ ಆಯ್ಕೆಗಳ ಸಾಲು ಮೊದಲ ದಿನ ಯಾರನ್ನಾದರೂ ಗಾಬರಿಗೊಳಿಸುತ್ತದೆ. ಯಾವುದನ್ನು ಮುಟ್ಟದೆ ಬಿಡಬಹುದು ಎಂಬುದು ನನಗೆ ತಿಳಿಯಲು ಒಂದು ವಾರ ಹಿಡಿಯಿತು. ಎರಡನೆಯ ಕೊರತೆ ನನ್ನಂಥವರಿಗೆ ದೊಡ್ಡದು. ಚಿತ್ರೀಕರಿಸಿದ ದಿನ ಮತ್ತು ಹೊತ್ತನ್ನು ಕ್ಯಾಮ್‌ಕಾರ್ಡರು ಎಂಟಿಎಸ್ ಸ್ಟ್ರೀಮಿನ ಒಳಗೇ ಬರೆದಿರುತ್ತದೆ, ಆದರೆ ಪ್ರೋರೆಸ್‌ಗೆ ಬದಲಿಸಿದ ಫೈಲುಗಳಲ್ಲಿ ನನಗೆ ಕಂಡದ್ದು ಪರಿವರ್ತನೆ ಮಾಡಿದ ದಿನಾಂಕ. ಹೀಗಾಗಿ ಕಾರ್ಡಿನ 'ಪ್ರೈವೇಟ್' ಫೋಲ್ಡರನ್ನು ಒಳಗಿನ ಒಂದು ಫೈಲನ್ನೂ ಸರಿಸದೆ ಇಡಿಯಾಗಿ ಎರಡು ಡಿಸ್ಕುಗಳಲ್ಲಿ ನಕಲಿಸಿಟ್ಟಿದ್ದೇನೆ. ಎಕ್ಸಿಫ್‌ಟೂಲ್ ಎಂಬ ಉಪಕರಣದಿಂದ ಮೂಲ ಫೈಲಿನೊಳಗಿನ ದಿನಾಂಕವನ್ನು ಓದಿ, ಪರಿವರ್ತಿಸಿದ ಫೈಲಿಗೆ ಅದನ್ನೇ ಹೆಸರಾಗಿ ಕೊಡುತ್ತಿದ್ದೇನೆ. ಎರಡು ಕಾರ್ಡುಗಳ ಕೆಲಸ ಹೀಗೆ ಮುಗಿದಿದೆ, ಮೂರನೆಯದು ಈಗ ನಡೆಯುತ್ತಿದೆ.