ನಮ್ಮ ಕ್ವಾರ್ಟರ್ಸ್‌ಗೆ ಬರುವ ಕಸದ ಗಾಡಿ: ಐದಕ್ಕೆ ಮೂರೂವರೆ ಅಂಕ

ಕಲಬುರಗಿಯಲ್ಲಿ ನಾವಿರುವುದು ಹೌಸಿಂಗ್ ಬೋರ್ಡ್ ಕಟ್ಟಿಸಿದ ಹಳೆಯ ಮನೆಗಳಲ್ಲಿ. ಮೂರು ಅಂತಸ್ತಿನ ಬ್ಲಾಕ್‌ಗಳು, ಒಂದು ಮೆಟ್ಟಿಲಿಗೆ ಆರು ಮನೆ. ನಾನು ಬಸ್ ಕಂಡಕ್ಟರ್ ಆಗಿ ರಿಟೈರ್ ಆದವನು. ಯಾವ ಗಾಡಿ ಕಂಡರೂ ಮೊದಲು ಎರಡೇ ಮಾತು ಕೇಳುತ್ತೇನೆ: ಎಷ್ಟು ಗಂಟೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ? ಕಸದ ಗಾಡಿಗೂ ಇದೇ ಲೆಕ್ಕ.

ಮೊದಲು ಈ ಎರಡಕ್ಕೂ ಉತ್ತರ ಇರಲಿಲ್ಲ. ಒಂದು ದಿನ ಆರೂವರೆಗೆ ಗಾಡಿಯ ಹಾಡು ಕೇಳಿಸಿದರೆ ಇನ್ನೊಂದು ದಿನ ಹತ್ತು ದಾಟಿದ ಮೇಲೆ. ಗಾಡಿ ಒಳಗೂ ಬರುತ್ತಿರಲಿಲ್ಲ, ಗೇಟಿನ ಮುಂದಿನಿಂದ ಹಾಗೇ ಹೋಗುತ್ತಿತ್ತು. ಮೇಲಿನ ಅಂತಸ್ತಿನವರು ಚಪ್ಪಲಿ ಮೆಟ್ಟಿ ಕೆಳಗೆ ಇಳಿಯುವಷ್ಟರಲ್ಲಿ ಹಾಡು ಮುಂದಿನ ಓಣಿಯಲ್ಲಿ. ತುಂಬಿದ ಬಕೆಟ್ ಮತ್ತೆ ಮೇಲೆ ಹೊತ್ತುಕೊಂಡು ಹೋಗೋರು ಯಾರು? ಕಾಂಪೌಂಡ್ ಪಕ್ಕದ ಖಾಲಿ ಸೈಟೇ ತಿಪ್ಪೆ ಆಯಿತು. ಹಂದಿ, ಬಿಡಾಡಿ ದನ, ಬೇಸಿಗೆಯಲ್ಲಿ ತಡೆಯಲಾಗದ ನಾತ. ರಾತ್ರಿ ಯಾರಾದರೂ ಬೆಂಕಿ ಹಚ್ಚಿದರೆ ಬೆಳಗಿನ ತನಕ ಪ್ಲಾಸ್ಟಿಕ್ ಹೊಗೆ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಎಲ್ಲರೂ ಹೇಳಿದರು, ಗೋಡೆಗೆ ಒಂದು ಬೋರ್ಡೂ ಬಂತು. ನಾನು ಇದನ್ನು ಒಪ್ಪುವುದಿಲ್ಲ. ಸ್ಟಾಪೇ ಇಲ್ಲದ ಕಡೆ ಪ್ಯಾಸೆಂಜರ್‌ನನ್ನು ಬೈದರೆ ಏನು ಬಂತು?

ದಾರಿ ಹುಡುಕಿದ್ದು ನಮ್ಮ ಬ್ಲಾಕಿನ ಹೆಣ್ಣುಮಕ್ಕಳು. ಡ್ರೈವರ್‌ನನ್ನು ನಿಲ್ಲಿಸಿ, ಚಹಾ ಕೊಟ್ಟು, ಕೂತು ಮಾತಾಡಿದರು. ಈಗ ಏಳಕ್ಕೆ ಗಾಡಿ ಕಾಂಪೌಂಡ್ ಒಳಗೇ ಬರುತ್ತದೆ. ಮೂರು ಕಡೆ ನಿಲ್ಲುತ್ತದೆ, ಒಂದೊಂದು ಕಡೆ ಹತ್ತು ನಿಮಿಷ. ಅಷ್ಟಕ್ಕೇ ಖಾಲಿ ಸೈಟಿನ ತಿಪ್ಪೆ ಮುಕ್ಕಾಲು ಪಾಲು ಕರಗಿತು. ಮೇಲಿನ ಮನೆಯ ಆಯಿಗೆ ಮೊಣಕಾಲು ನೋವು, ಇಳಿಯಲು ಆಗುವುದಿಲ್ಲ. ಅವರು ಬಾಲ್ಕನಿಯಿಂದ ಹಗ್ಗ ಕಟ್ಟಿ ಬಕೆಟ್ ಇಳಿಸುತ್ತಾರೆ. ಬಕೆಟ್ ಇನ್ನೂ ಬಂದಿಲ್ಲ ಅಂದರೆ ಕಸ ತೆಗೆದುಕೊಳ್ಳುವ ಹೆಣ್ಣುಮಗಳೇ ಕೆಳಗಿನಿಂದ ಕೂಗುತ್ತಾಳೆ, 'ಆಯೀ, ಡಬ್ಬಿ ಬಿಡ್ರಿ, ಗಾಡಿ ಹೊಂಟದ!'

ಗಾಡಿಯ ಮೇಲೆ ದುಡಿಯುವ ಈ ಇಬ್ಬರಿಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಆಕೆ ಕಸ ಬೇರೆ ಮಾಡಿಸುವ ರೀತಿಯನ್ನು ಹತ್ತಿರ ನಿಂತು ನೋಡಬೇಕು. ಒಮ್ಮೆ ಪಕ್ಕದ ಮನೆಯವರ ಹಸಿ ಕಸದ ಬಕೆಟ್‌ನಲ್ಲಿ ಮೆಂತ್ಯದ ಕಡ್ಡಿ, ಉಳ್ಳಾಗಡ್ಡಿ ಸಿಪ್ಪೆಯ ನಡುವೆ ಮಗುವಿನ ಡೈಪರ್ ಇತ್ತು. ಆಕೆ ಬೈಯಲಿಲ್ಲ, ಹಾಗೇ ಸುರಿದುಕೊಳ್ಳಲೂ ಇಲ್ಲ. ಬಕೆಟ್ ಮುಂದೆ ಹಿಡಿದು, 'ಯಕ್ಕಾ, ಇದು ನನ್ನ ಕೈಗೆ ಹತ್ತತದ್ರಿ. ಪೇಪರಿನಾಗ ಸುತ್ತಿ ಬ್ಯಾರೆ ಕೊಡ್ರಿ' ಅಂದಳು. ಮಾರನೇ ದಿನದಿಂದ ಆ ಮನೆಯಿಂದ ಹಳೇ ಪೇಪರಿನಲ್ಲಿ ಸುತ್ತಿದ ಪೊಟ್ಟಣ ಬರತೊಡಗಿತು, ಮೇಲೆ ಕೆಂಪು ಗುರುತು ಬೇರೆ. 2016ರ ಘನತ್ಯಾಜ್ಯ ನಿಯಮಗಳಲ್ಲೇ ಇದೆಲ್ಲ ಬಂದಿತ್ತು: ಹಸಿ, ಒಣ, ಅಪಾಯದ ಕಸ ಮೂರೂ ಬೇರೆ, ಡೈಪರ್ ಮತ್ತು ಪ್ಯಾಡ್ ಸುತ್ತಿ ಕೊಡಬೇಕು, ರಸ್ತೆಯಲ್ಲಿ ಸುಡಬಾರದು. ಗೋಡೆಯ ಬೋರ್ಡ್ ಕಲಿಸದ್ದನ್ನು ಆಕೆಯ ಒಂದು ಮಾತು ಕಲಿಸಿತು. ಆಕೆಗೆ ಗಟ್ಟಿ ಕೈಗವಸು ಸಿಗಬೇಕು. ಈಗ ಇರುವುದು ತೆಳು ರಬ್ಬರಿನದು, ಒಡೆದ ಗಾಜಿಗೆ ಅದು ಯಾವ ಲೆಕ್ಕ?

ಮಾರ್ಕ್ಸ್ ಕಡಿಮೆ ಆಗಿದ್ದು ಗಾಡಿ ಕಳಿಸುವವರಿಂದ. ಗಾಡಿಯಲ್ಲಿ ಹಸಿಗೊಂದು, ಒಣಗೊಂದು ಖಾನೆ ಇದೆ. ಮಾಮೂಲಿ ದಿನ ಸಾಕಾಗುತ್ತದೆ. ಯುಗಾದಿ, ಎಳ್ಳ ಅಮಾವಾಸ್ಯೆ, ಕ್ವಾರ್ಟರ್ಸ್‌ನಲ್ಲಿ ಒಂದು ನಾಮಕರಣ ಆಯಿತು ಅಂದರೆ ಮುಗಿಯಿತು. ಎರಡನೇ ಸ್ಟಾಪಿಗೆ ಬರುವಷ್ಟರಲ್ಲಿ ಒಣ ಖಾನೆ ಭರ್ತಿ, ಆಮೇಲೆ ಎಲ್ಲವೂ ಒಂದೇ ಕಡೆ. ಕೇಳಿದರೆ ಡ್ರೈವರ್ ಪಾಪ, 'ಕಾಕಾ, ಖಾನಿ ತುಂಬ್ಯಾದ, ನಾ ಏನ್ ಮಾಡ್ಲಿ?' ಅನ್ನುತ್ತಾನೆ. ಅವನ ಮಾತೂ ಸರಿ. ಆದರೆ ಮನೆಯಲ್ಲಿ ಬೇರೆ ಮಾಡಿ ಕೊಟ್ಟವರು ಕಣ್ಣೆದುರೇ ಬೆರೆಸುವುದನ್ನು ನೋಡಿದರೆ ನಾಳೆ ಯಾಕೆ ಬೇರೆ ಮಾಡುತ್ತಾರೆ? ಒಂದು ಹಬ್ಬ ಕಳೆದರೆ ವಾರಗಟ್ಟಲೆ ಮನೆ ಮನೆಗೆ ಹೋಗಿ ಮತ್ತೆ ಹೇಳಬೇಕು. ನನಗೆ ನಿಜಕ್ಕೂ ಹೊಟ್ಟೆ ಉರಿಯುವುದು ಇದಕ್ಕೇ.

ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಹಸಿ ಕಸ ದಿನಾ ಒಯ್ಯಿರಿ, ಅದನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮೂರ ಬಿಸಿಲು 42 ಡಿಗ್ರಿ ದಾಟುತ್ತದೆ, ನಿನ್ನೆಯ ಸಾರಿನ ತಳ ಮಧ್ಯಾಹ್ನಕ್ಕೇ ಹುಳ ಬೀಳುತ್ತದೆ. ಒಣ ಕಸಕ್ಕೆ ವಾರಕ್ಕೆ ಎರಡು ದಿನ ಸಾಕು, ಅವತ್ತು ಬೇರೆ ಗಾಡಿ ಕಳಿಸಿ. ಮೆಟ್ಟಿಲ ಕೆಳಗೆ ಗೋಣಿಚೀಲ ಕಟ್ಟಿಟ್ಟರೆ ಆರು ಮನೆಯ ಒಣ ಕಸ ಅದರಲ್ಲೇ ಹಿಡಿಸುತ್ತದೆ. ನಮ್ಮ ಬ್ಲಾಕಿನಲ್ಲಿ ಇಟ್ಟು ನೋಡಿದ್ದೇವೆ, ನಾತ ಇಲ್ಲ, ಇಲಿ ಇಲ್ಲ. ಒಂದೇ ಶರತ್ತು, ಒಳಗೆ ಹಾಕುವುದು ಒಣಗಿರಬೇಕು.

ಹಾಲಿನ ಪ್ಯಾಕೆಟ್ ಇಲ್ಲಿ ದೊಡ್ಡ ವಿಷಯ. ನನ್ನ ಹೆಂಡತಿ ಪ್ಯಾಕೆಟ್ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಚೂರು ಜೋತುಬಿದ್ದಿರುವ ಹಾಗೆ ಬಿಡುತ್ತಾಳೆ. ಕತ್ತರಿಸಿ ಬಿಸಾಕಿದ ಆ ಉಗುರಿನಷ್ಟು ಚೂರನ್ನು ಯಾರೂ ಆರಿಸುವುದಿಲ್ಲ, ಸೀದಾ ಗಟಾರಕ್ಕೆ ಹೋಗುತ್ತದೆ. ಖಾಲಿ ಪ್ಯಾಕೆಟ್ ತೊಳೆದು, ಬಟ್ಟೆ ಒಣಗಿಸುವ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟರೆ ಅರ್ಧ ಗಂಟೆಯಲ್ಲಿ ಗರಿಗರಿ. ಗುಜರಿಯವನು ರದ್ದಿ ಪೇಪರಿನ ಜೊತೆ ಅದನ್ನೂ ತೂಕಕ್ಕೆ ಹಾಕಿಕೊಳ್ಳುತ್ತಾನೆ.

ಚಿಪ್ಸ್ ಪ್ಯಾಕೆಟ್ ಮಾತ್ರ ಅವನೂ ಮುಟ್ಟುವುದಿಲ್ಲ. ಅದರಲ್ಲಿ ಪ್ಲಾಸ್ಟಿಕ್ಕಿಗೆ ಬೆಳ್ಳಿ ಬಣ್ಣದ ತೆಳು ಪದರ ಅಂಟಿರುತ್ತದೆ, ಬಿಡಿಸಿ ಕರಗಿಸುವುದು ಕಷ್ಟ. ಇಂಥದ್ದನ್ನು ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನ ಜೊತೆ ಉರಿಸುವ ಪದ್ಧತಿ ಇದೆ. ನಮ್ಮ ಜಿಲ್ಲೆಯಲ್ಲಿ ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆಗಳಿಗೇನು ಕೊರತೆ? ಆದರೆ ಸಾರು ಸುರಿದು ಒದ್ದೆಯಾದ ಪ್ಯಾಕೆಟ್ ಅಲ್ಲಿಗೆ ಹೋಗುವ ಹಾಗಿಲ್ಲ. ಖಾನೆ ತುಂಬಿದಾಗ ಬೆರೆಸುವುದರ ನಷ್ಟ ಇದೇ ನೋಡಿ.

ಹಸಿ ಕಸದಲ್ಲಿ ಒಂದಿಷ್ಟನ್ನು ನಾವೇ ಹಿಂದಿನ ಅಂಗಳದ ಡ್ರಮ್ಮಿನಲ್ಲಿ ಗೊಬ್ಬರ ಮಾಡುತ್ತಿದ್ದೇವೆ. ಒಂದು ಪದರ ಸಿಪ್ಪೆ, ಮೇಲೆ ಒಣಗಿದ ಬೇವಿನ ಎಲೆ, ಬೇಸಿಗೆಯಲ್ಲಿ ಆಗಾಗ ನೀರು ಚಿಮುಕಿಸಬೇಕು. ಎರಡು ತಿಂಗಳಿಗೆ ಕರಿಬೇವಿನ ಗಿಡಕ್ಕೆ ಸಾಕಾಗುವಷ್ಟು ಬರುತ್ತದೆ. ಎಲ್ಲ ಬ್ಲಾಕಿಗೂ ಅಂಗಳ ಇಲ್ಲ, ಹಾಗಾಗಿ ಇದನ್ನೇ ಎಲ್ಲರೂ ಮಾಡಿ ಅಂತ ನಾನು ಹೇಳುವುದಿಲ್ಲ.

ಇನ್ನೂ ಅರ್ಧ ಅಂಕ ಕಳೆದದ್ದು ಟ್ಯೂಬ್‌ಲೈಟ್, ಬ್ಯಾಟರಿ ಸೆಲ್, ಅವಧಿ ಮುಗಿದ ಔಷಧಿಗೆ. ಇವನ್ನು ಕೊಡಲು ಜಾಗವೇ ಇಲ್ಲ. ಹಳೇ ಟ್ಯೂಬಿನೊಳಗೆ ಪಾದರಸ ಇರುತ್ತದೆ, ಒಡೆದರೆ ಮೊದಲು ಉಸಿರಾಡುವವಳು ಗಾಡಿಯ ಮೇಲಿನ ಆ ಹೆಣ್ಣುಮಗಳೇ. ತಿಂಗಳಿಗೊಂದು ದಿನ ಇದಕ್ಕೆ ಅಂತ ಒಂದು ಡಬ್ಬಿ ತಂದರೂ ಸಾಕು. ತೆರಿಗೆಯ ಜೊತೆ ಕಸದ ಸೆಸ್ ಕಟ್ಟುತ್ತೇವೆ, ಅಲ್ವಾ? ಇಷ್ಟು ಕೇಳುವ ಹಕ್ಕು ನಮಗಿದೆ.

ಬೇರೆ ಕ್ವಾರ್ಟರ್ಸ್‌ನವರು ಇದನ್ನು ಓದುತ್ತಿದ್ದರೆ, ಹಸಿರು-ನೀಲಿ ಡಬ್ಬಿ ಕೊಳ್ಳಲು ಹೋಗುವ ಮೊದಲು ನಿಮ್ಮ ಗಾಡಿಯ ಡ್ರೈವರ್ ಹತ್ತಿರ ಟೈಮು, ಸ್ಟಾಪು ಮಾತಾಡಿಕೊಳ್ಳಿ. ಮಾತಾಡುವಾಗ ಮೇಲಿನ ಅಂತಸ್ತಿನ ಒಬ್ಬರು ಜೊತೆಗಿರಲಿ. ಇಳಿಯಲು ಎಷ್ಟು ನಿಮಿಷ ಬೇಕು ಅಂತ ಅವರೇ ಸರಿಯಾಗಿ ಹೇಳುತ್ತಾರೆ.