ಫೋಟೋ ಇಡಲು ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಕಾರವಾರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಮುಂಜಿ, ಪ್ರಿ-ವೆಡ್ಡಿಂಗ್ ಎಲ್ಲ ಮಾಡುತ್ತೇನೆ. ಆನ್‌ಲೈನ್‌ನಲ್ಲಿ ಫೋಟೋ ಇಟ್ಟುಕೊಳ್ಳುವ ಒಂದು ಕಂಪನಿ ನನಗೆ ಟೋಪಿ ಹಾಕಿದೆ. ಒಂದು ಸಲ ಅಲ್ಲ, ಎರಡು ಸಲ. ಎರಡನೇ ಸಲ ಮತ್ತೆ ದುಡ್ಡು ಇಸಿದುಕೊಂಡು ಹಾಕಿದರು, ಹೊಟ್ಟೆ ಉರಿಯುವುದು ಅದಕ್ಕೇ. ಹೆಸರು ಬರೆಯುತ್ತಿಲ್ಲ, ದೂರು ಕೊಟ್ಟಿದ್ದೇನೆ, ಅದು ಮುಗಿಯಲಿ.

ಈ ಕೆಲಸ ಮಾಡುವವರಿಗೆ ಜಾಗದ ತಾಪತ್ರಯ ಗೊತ್ತೇ ಇದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲೇ (ಕ್ಯಾಮೆರಾ ಹಿಡಿದಿದ್ದನ್ನು ಹಾಗೇ ಇಟ್ಟ ಕಚ್ಚಾ ಫೈಲ್) 25–30 ಎಂಬಿ. ಗೂಗಲ್‌ನವರು 2021ರ ಜೂನ್ 1ರಿಂದ ಪುಕ್ಕಟೆಯಾಗಿ ಎಷ್ಟು ಬೇಕಾದರೂ ಹಾಕಿ ಅನ್ನುವುದನ್ನು ನಿಲ್ಲಿಸಿದರು. ಈಗ ಸಿಗುವುದು 15 ಜಿಬಿ, ಅದೂ ಜಿಮೇಲ್, ಡ್ರೈವ್ ಎಲ್ಲ ಸೇರಿ. ಒಂದು ಮದುವೆಗೇ ಸಾಲುವುದಿಲ್ಲ. ಹಾರ್ಡ್ ಡಿಸ್ಕ್ ನಂಬೋಣ ಅಂದರೆ ನಮ್ಮದು ಲೆನ್ಸಿಗೇ ಫಂಗಸ್ ಹಿಡಿಯುವ ಊರು, ಮಳೆಗಾಲದ ಕರೆಂಟಂತೂ ಕೇಳಲೇಬೇಡಿ. ಆಗ ಇವರ ಜಾಹೀರಾತು ಕಣ್ಣಿಗೆ ಬಿತ್ತು. "ಅನ್‌ಲಿಮಿಟೆಡ್ ಜಾಗ, ನಿಮ್ಮ ಫೋಟೋ ಇದ್ದ ಹಾಗೇ ಸುರಕ್ಷಿತ." ಇದ್ದ ಹಾಗೇ ಅಂತೆ! ರಾ ಫೈಲ್ ತೆಗೆದುಕೊಳ್ಳುತ್ತಿರಲಿಲ್ಲ, ಕುಗ್ಗಿಸಿದ ಜೆಪೆಗ್ ಫೈಲ್ ಮಾತ್ರ. ಪರವಾಗಿಲ್ಲ ಅಂತ ವರ್ಷದ ದುಡ್ಡು ಕಟ್ಟಿ, ರಾತ್ರಿಯಿಡೀ ಲ್ಯಾಪ್‌ಟಾಪ್ ಹಚ್ಚಿಟ್ಟು ಎಲ್ಲ ಏರಿಸಿದೆ. ಪಾರ್ಟಿಗಳಿಗೆ, ಅಂದರೆ ಫೋಟೋ ತೆಗೆಸಿಕೊಂಡವರಿಗೆ, ಲಿಂಕ್ ಕಳಿಸಿದರೆ ಮೊಬೈಲ್‌ನಲ್ಲಿ ಚೆಂದ ಕಾಣುತ್ತಿತ್ತು. ಮೊಬೈಲ್‌ನಲ್ಲಿ ಎಲ್ಲವೂ ಚೆಂದವೇ ಕಾಣುತ್ತದೆ ಬಿಡಿ.

ಈ ಮಳೆಗಾಲದಲ್ಲಿ ಹಾರ್ಡ್ ಡಿಸ್ಕ್ ಕೈಕೊಟ್ಟಿತು. ನನಗೆ ಗಾಬರಿಯೇ ಆಗಲಿಲ್ಲ. ಇಂಥ ದಿನಕ್ಕೆ ಅಂತಲೇ ದುಡ್ಡು ಕಟ್ಟಿದ್ದು ಅಲ್ವಾ?

ಅದೇ ವಾರ ಹಳೇ ಪಾರ್ಟಿಯೊಬ್ಬರ ಫೋನ್. ಹೊಸ ಮನೆ ಕಟ್ಟಿಸಿದ್ದಾರೆ, ಹಾಲ್‌ಗೆ 24×36 ಇಂಚಿನ ಫ್ರೇಮ್ ಬೇಕಂತೆ. ಕೋಡಿಬಾಗದ ಕಡೆ ದಡದಲ್ಲಿ ಮಗಳು ಅಳಿಯ ನಿಂತಿದ್ದಾರೆ, ಹಿಂದೆ ಕಾಳಿ ನದಿಯ ಹಳೇ ಸೇತುವೆ, ಆ ಫೋಟೋನೇ ಆಗಬೇಕು. ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಲಾರಿ ಸಮೇತ ನದಿಗೆ ಬಿದ್ದಿದ್ದು ನಿಮಗೆಲ್ಲ ಗೊತ್ತಿದೆ. ಫೋಟೋ ಅದಕ್ಕೂ ಮೊದಲಿನದು. ಮತ್ತೆ ಹೋಗಿ ತೆಗೆದುಕೊಡುತ್ತೇನೆ ಅನ್ನುವ ಮಾತೇ ಇಲ್ಲ.

ಡೌನ್‌ಲೋಡ್ ಮಾಡಿ ಹುಬ್ಬಳ್ಳಿಯ ಲ್ಯಾಬ್‌ಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅಲ್ಲಿನ ಹುಡುಗ ಫೋನ್ ಮಾಡಿದ. "ಅಣ್ಣಾ, ಇದು ವಾಟ್ಸಾಪ್‌ನಾಗ ಬಂದಿದ್ದೇನ್ರೀ? ಒರಿಜಿನಲ್ ಕಳಸ್ರಿ."

ಇಷ್ಟು ವರ್ಷ ಕ್ಯಾಮೆರಾ ಹಿಡಿದವನಿಗೆ ಈ ಮಾತು! ಮುಖ ಬಿಸಿಯಾಯಿತು. ಫೈಲ್ ತೆರೆದು ನೋಡಿದೆ. ನಾನು ಹಾಕಿದ್ದು 6000 ಪಿಕ್ಸೆಲ್ ಅಗಲದ್ದು, ವಾಪಸ್ ಬಂದಿದ್ದು 2048. ಮೂರು ಮೆಗಾಪಿಕ್ಸೆಲ್ ಕೂಡ ಇಲ್ಲ. 36 ಇಂಚಿಗೆ ಎಳೆದರೆ ಇಂಚಿಗೆ 57 ಪಿಕ್ಸೆಲ್, ಸೇತುವೆಯ ಕಂಬ ಯಾವುದು ನೀರು ಯಾವುದು ತಿಳಿಯುವುದಿಲ್ಲ. ಇನ್ನೊಂದು ತೆರೆದೆ, 2048. ಮತ್ತೊಂದು, ಅದೂ 2048. ಎಲ್ಲವೂ! ಬುಟ್ಟಿ ತುಂಬ ಬಂಗಡೆ ಕೊಟ್ಟು ಇಟ್ಟುಕೊಂಡಿರಿ ಅಂದರೆ ಬರೀ ಮುಳ್ಳು ವಾಪಸ್ ಕೊಟ್ಟ ಹಾಗಾಯಿತು.

ಗೂಗಲ್‌ನಲ್ಲೂ 'ಸ್ಟೋರೇಜ್ ಸೇವರ್' ಹಾಕಿದರೆ ದೊಡ್ಡ ಫೋಟೋವನ್ನು 16 ಮೆಗಾಪಿಕ್ಸೆಲ್‌ಗೆ ಇಳಿಸುತ್ತಾರೆ. ಆದರೆ ಅದನ್ನು ಸೆಟ್ಟಿಂಗ್‌ನಲ್ಲೇ ಹೇಳುತ್ತಾರೆ, ಒರಿಜಿನಲ್ ಬೇಕಾದರೆ ಅಲ್ಲೇ ಆರಿಸಿಕೊಳ್ಳಬಹುದು. ಇವರು ಎಲ್ಲಿ ಹೇಳಿದ್ದರು?

ಕಸ್ಟಮರ್ ಕೇರ್‌ಗೆ ಬರೆದೆ. ಮೊದಲ ಉತ್ತರ: "ಪ್ರಿಯ ಗ್ರಾಹಕರೇ, ನಿಮ್ಮ ಫೋಟೋಗಳು ನಮ್ಮಲ್ಲಿ ಸುರಕ್ಷಿತವಾಗಿವೆ." ಸುರಕ್ಷಿತ ಇದೆಯಾ ಅಂತ ನಾನು ಕೇಳಿಯೇ ಇಲ್ಲ ಮಾರಾಯ್ರೇ. ಮತ್ತೆ ಬರೆದೆ. "ಒರಿಜಿನಲ್ ಡೌನ್‌ಲೋಡ್ ಸೌಲಭ್ಯ ಪ್ರೊ ಪ್ಲಾನ್‌ನಲ್ಲಿ ಲಭ್ಯ." ನಾನು ನೇರವಾಗಿ ಕೇಳಿದೆ, ಈಗಾಗಲೇ ಹಾಕಿರುವ ಫೋಟೋಗಳ ಒರಿಜಿನಲ್ ಸಿಗುತ್ತದಾ, ಹೌದು ಅಥವಾ ಇಲ್ಲ ಅಂತ ಹೇಳಿ. ಉತ್ತರ ನೋಡಿ: "ಪ್ರೊ ಗ್ರಾಹಕರು ಎಲ್ಲ ಫೋಟೋಗಳನ್ನೂ ಪೂರ್ತಿ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಬಹುದು."

ಎಲ್ಲ ಫೋಟೋಗಳನ್ನೂ! ಅವರೇ ಬರೆದಿದ್ದು, ನನ್ನ ಹತ್ತಿರ ಮೇಲ್ ಇದೆ. ಆ ಕಡೆ ಪಾರ್ಟಿ ದಿನಾ ಫೋನ್ ಮಾಡಿ "ಫ್ರೇಮ್ ಆಯ್ತಾ? ಗೃಹಪ್ರವೇಶ ಹತ್ತಿರ ಬಂತು" ಅನ್ನುತ್ತಿದ್ದರು. ಪ್ರೊ ಪ್ಲಾನ್‌ಗೆ ಮೂರು ಸಾವಿರ ಚಿಲ್ಲರೆ ಕಟ್ಟಿದೆ. ಡೌನ್‌ಲೋಡ್ ಒತ್ತಿದೆ.

2048.

ಮತ್ತೆ ಬರೆದರೆ ಬಂದ ಉತ್ತರ ಓದಿ, ನಗಬೇಕೋ ಅಳಬೇಕೋ ನೀವೇ ಹೇಳಿ: "ಈ ಸೌಲಭ್ಯ ಪ್ರೊ ಪ್ಲಾನ್ ಸೇರಿದ ನಂತರ ಹಾಕಿದ ಫೋಟೋಗಳಿಗೆ ಮಾತ್ರ. ಹಳೆಯ ಫೋಟೋಗಳನ್ನು ದಯವಿಟ್ಟು ಮತ್ತೊಮ್ಮೆ ಅಪ್‌ಲೋಡ್ ಮಾಡಿ." ಎಲ್ಲಿಂದ ಅಪ್‌ಲೋಡ್ ಮಾಡಲಿ? ನನ್ನ ಹತ್ತಿರ ಇದ್ದಿದ್ದರೆ ನಿಮ್ಮನ್ನು ಯಾಕೆ ಕೇಳುತ್ತಿದ್ದೆ? ದುಡ್ಡು ವಾಪಸ್ ಕೊಡಿ ಅಂದೆ. "ಸೇವೆಯನ್ನು ಈಗಾಗಲೇ ಬಳಸಿದ್ದೀರಿ, ಮರುಪಾವತಿ ಸಾಧ್ಯವಿಲ್ಲ." ಏನು ಬಳಸಿದ್ದು? ಒಂದು ಸಲ ಡೌನ್‌ಲೋಡ್ ಒತ್ತಿದ್ದೇ ಬಳಸಿದ್ದಂತೆ. ಅದಾದ ಮೇಲೆ ಉತ್ತರವೇ ಇಲ್ಲ.

ಪಾರ್ಟಿಗೆ ಮಾಜಾಳಿ ಬೀಚಿನ ಬೇರೆ ಫೋಟೋ ಪ್ರಿಂಟ್ ಹಾಕಿಸಿ ಕೊಟ್ಟೆ, ಅದು ಬೇರೆ ಕಾರ್ಡಿನಲ್ಲಿ ಹೇಗೋ ಉಳಿದಿತ್ತು. ಆ ಅಮ್ಮ ಏನೂ ಬೈಯಲಿಲ್ಲ, "ಇರಲಿ ಬಿಡು ಮಗಾ" ಅಂದರು. ಬೈದಿದ್ದರೇ ಚೆನ್ನಾಗಿತ್ತು.

ಯಾವುದೇ ಕಂಪನಿ ಇರಲಿ, ಎಷ್ಟೇ ಅನ್‌ಲಿಮಿಟೆಡ್ ಅನ್ನಲಿ, ದುಡ್ಡು ಕಟ್ಟುವ ಮೊದಲು ಒಂದು ಫೋಟೋ ಹಾಕಿ ಅದನ್ನೇ ವಾಪಸ್ ಇಳಿಸಿ ನೋಡಿ. ಎಷ್ಟು ಎಂಬಿ, ಎಷ್ಟು ಪಿಕ್ಸೆಲ್, ಎರಡೂ ಹೋಲಿಸಿ. ಪಾರ್ಟಿಗೆ ಕಳಿಸುವ ಲಿಂಕಿನಿಂದಲೂ ಒಂದು ಇಳಿಸಿ ನೋಡಿ, ಅಲ್ಲಿ ಇನ್ನೂ ಸಣ್ಣದು ಕೊಡುವವರಿದ್ದಾರೆ. ಚಾಟ್‌ನಲ್ಲಿ ಕೂತವರ ಮಾತು ಸುಮ್ನೆ ನಂಬಬೇಡಿ, ಅವರಿಗೆ ಪಿಕ್ಸೆಲ್ ಅಂದರೆ ಏನು ಅಂತಲೂ ಗೊತ್ತಿಲ್ಲ. ಯುಪಿಐ ಆಟೋಪೇ (ತಾನಾಗಿಯೇ ದುಡ್ಡು ಕಟ್ ಆಗುವ ವ್ಯವಸ್ಥೆ) ಹಾಕಿದ್ದರೆ ಅವರ ಆ್ಯಪ್‌ನಲ್ಲಿ ರದ್ದು ಮಾಡುವ ಗುಂಡಿ ಹುಡುಕುತ್ತಾ ಕೂರಬೇಡಿ, ನಿಮ್ಮ ಯುಪಿಐ ಆ್ಯಪ್‌ನಲ್ಲೇ ಆಟೋಪೇ ಅಂತ ಇರುತ್ತದೆ, ಅಲ್ಲೇ ಕಿತ್ತು ಹಾಕಿ. ನಾನು ಮೊದಲು ಮಾಡಿದ್ದು ಅದನ್ನೇ. ಆಮೇಲೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಮೇಲ್‌ಗಳನ್ನೆಲ್ಲ ಸೇರಿಸಿ ದೂರು ಕೊಟ್ಟೆ. ದುಡ್ಡು ಇನ್ನೂ ಬಂದಿಲ್ಲ. ಕಂಪನಿಯಿಂದ ಬರುತ್ತಿರುವುದು ದೀಪಾವಳಿ ಆಫರ್‌ನ ಮೆಸೇಜ್ ಮಾತ್ರ.