ಕತ್ತಿನ ಹಿಂದೆ ರಾಡ್ ಇಳಿಸುವ ಮುಂಚೆ ಇದನ್ನು ಓದಿ

ನಮ್ಮ ವಿಜಯಪುರದ ಜಿಮ್‌ಗಳಲ್ಲಿ ಅದನ್ನು ‘ಬ್ಯಾಕ್ ಪ್ರೆಸ್’ ಅಂತಾರೆ. ಬೆಂಚಿನ ಮೇಲೆ ನೆಟ್ಟಗೆ ಕೂತು ರಾಡನ್ನು ತಲೆಯ ಹಿಂದಿನಿಂದ ಕತ್ತಿನವರೆಗೆ ಇಳಿಸಬೇಕು, ಮತ್ತೆ ಮೇಲಕ್ಕೆ ಒತ್ತಬೇಕು. ಇದನ್ನು ಮಾಡಿ ನಾನು ಬಲ ಭುಜ ಕೆಡಿಸಿಕೊಂಡೆ. 7 ತಿಂಗಳು ಆ ಕೈಯಿಂದ ಜಡೆ ಹಾಕಿಕೊಳ್ಳಲು ಆಗಲಿಲ್ಲ, ಬೋರ್ಡಿನ ಮೇಲ್ಭಾಗದಲ್ಲಿ ಬರೆಯಲು ಆಗಲಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ವಯಸ್ಸು 44. ನನ್ನ ಹಾಗೆ ನಲವತ್ತು ದಾಟಿದ ಮೇಲೆ ಜಿಮ್ ಸೇರಿದವರು, ಸೇರಬೇಕು ಅಂದುಕೊಂಡವರು ದಯವಿಟ್ಟು ಪೂರ್ತಿ ಓದಿ.

ಹೋದ ವರ್ಷ ಜೂನ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಶುಗರ್ ಬಾರ್ಡರ್‌ನಲ್ಲಿದೆ ಅಂತ ಬಂತು. ಬೆಳಿಗ್ಗೆ ಗೋಳಗುಮ್ಮಟದ ಕಡೆ ವಾಕಿಂಗ್ ಹೋಗುವುದು ಮೊದಲಿನಿಂದಲೂ ಇತ್ತು. ಬರೀ ವಾಕಿಂಗ್ ಸಾಲದು, ತೂಕ ಎತ್ತುವ ವ್ಯಾಯಾಮವೂ ಬೇಕು ಅಂದರು ಡಾಕ್ಟರು. ಆ ಸಲಹೆ ಸರಿಯಾಗಿಯೇ ಇತ್ತು, ಈಗಲೂ ನಾನು ಅದನ್ನು ಬಿಟ್ಟಿಲ್ಲ. ಮನೆ ಹತ್ತಿರದ ಒಂದು ಜಿಮ್ ಸೇರಿದೆ. ಅಲ್ಲಿ ಗೋಡೆ ಮೇಲೆ ಒಂದು ಚಾರ್ಟ್ ಅಂಟಿಸಿದ್ದರು. ಗುರುವಾರ ಶೋಲ್ಡರ್ ಡೇ, ಅಂದರೆ ಭುಜದ ವ್ಯಾಯಾಮದ ದಿನ. ಬ್ಯಾಕ್ ಪ್ರೆಸ್, ಅಪ್‌ರೈಟ್ ರೋ (ರಾಡನ್ನು ಮೈಗುಂಟ ಮೇಲಕ್ಕೆ ಎಳೆಯುವುದು), ಸೈಡ್ ರೈಸ್ (ತೂಕ ಹಿಡಿದು ಕೈಗಳನ್ನು ಬದಿಗೆ ಎತ್ತುವುದು). ಪೊಲೀಸ್ ಭರ್ತಿಗೆ ತಯಾರಿ ಮಾಡುವ 20 ವರ್ಷದ ಹುಡುಗರಿಗೂ ಅದೇ ಚಾರ್ಟ್, ನನಗೂ ಅದೇ.

ನನ್ನ ಕೈ ಎಷ್ಟು ಮೇಲೆ ಹೋಗುತ್ತದೆ ಅಂತ ಯಾರೂ ನೋಡಲಿಲ್ಲ. ಹಳೆ ನೋವು ಏನಾದರೂ ಇದೆಯಾ ಅಂತ ಕೇಳಲಿಲ್ಲ. ರಾಡ್ ಕಂಬಿಯ ಮೇಲೆ ಓಡುವ ಸ್ಮಿತ್ ಮಷಿನ್‌ನಲ್ಲಿ ಕೂರಿಸಿ, ಎರಡೂ ಬದಿಗೆ 2.5 ಕೆಜಿ ಪ್ಲೇಟ್ ಹಾಕಿ ಶುರು ಮಾಡಿಸಿದರು. ಆಗಸ್ಟ್ ಹೊತ್ತಿಗೆ ಅದು ತಲಾ 7.5 ಕೆಜಿ ಆಗಿತ್ತು. ರಾಡ್ ಕಿವಿಯ ಮಟ್ಟ ದಾಟಿ ಕೆಳಗೆ ಬಂದಾಗಲೆಲ್ಲ ಭುಜದೊಳಗೆ ಇಕ್ಕಳದಲ್ಲಿ ಹಿಡಿದ ಹಾಗೆ ಆಗುತ್ತಿತ್ತು. ಟ್ರೇನರ್ ಹುಡುಗನಿಗೆ ಹೇಳಿದೆ. ‘ಏನೂ ಆಗಂಗಿಲ್ರಿ ಮೇಡಂ, ಹೊಸದಾಗಿ ಬಂದವರಿಗೆಲ್ಲ ಹಿಂಗ ಆಗತೈತಿ. ನೋವ್ ಬಂತಂದ್ರ ಮಸಲ್ ಬೆಳ್ಯಾಕತ್ತೈತಿ ಅಂತ ತಿಳ್ಕೋರಿ’ ಅಂದ. ನಂಬಿದೆ.

ಆ ಮಾತು ಅರ್ಧ ಮಾತ್ರ ನಿಜ. ಸ್ನಾಯು ದಣಿದ ನೋವು ಮಾರನೇ ದಿನ ಬರುತ್ತದೆ, ಇಡೀ ಭಾಗ ಬಿಗಿಯುತ್ತದೆ, ಎರಡು ಮೂರು ದಿನಕ್ಕೆ ತಾನೇ ಹೋಗುತ್ತದೆ. ಒಂದೇ ಜಾಗದಲ್ಲಿ, ಒಂದೇ ಕೋನಕ್ಕೆ ಬಂದಾಗ, ಪ್ರತಿ ಸಲವೂ ಚುಚ್ಚುವ ನೋವು ಅದಲ್ಲ. ಅದು ಬಂದ ಕೂಡಲೇ ರಾಡ್ ಇಡಬೇಕಿತ್ತು. ನಾನು ಇನ್ನೂ ಐದು ಗುರುವಾರ ಮಾಡಿದೆ.

ಸೆಪ್ಟೆಂಬರ್‌ನಲ್ಲಿ ರಾತ್ರಿ ನೋವು ಶುರುವಾಯಿತು. ಬಲ ಮಗ್ಗುಲಿಗೆ ಮಲಗಿದರೆ ಎಚ್ಚರ. ಎಡಕ್ಕೆ ತಿರುಗಿದರೆ ಕೈ ಕೆಳಗೆ ಜೋತುಬಿದ್ದು ಮತ್ತೆ ನೋವು. ನೋವು ಭುಜದ ತುದಿಯಲ್ಲಿ ಇರಲಿಲ್ಲ, ತೋಳಿನ ಹೊರಬದಿಯಲ್ಲಿ, ಚುಚ್ಚುಮದ್ದು ಹಾಕುವ ಜಾಗದಲ್ಲಿ ಇತ್ತು. ಹಾಗಾಗಿ ನಾನು ಅಲ್ಲಿಗೇ ಬಾಮ್ ಹಚ್ಚುತ್ತಾ ಕೂತೆ. ಕೆಡುಕು ಭುಜದ ಒಳಗೆ ಇದ್ದರೂ ನೋವು ಹೀಗೆ ತೋಳಿನಲ್ಲಿ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯವಂತೆ. ಇದು ಗೊತ್ತಿದ್ದಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ತೀರ್ಪು: ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಹೋಗುವುದು. ಹೆಂಗಸು, ನಲವತ್ತು ದಾಟಿದೆ, ಶುಗರ್ ಬೇರೆ ಇದೆ, ಇನ್ನೇನು ಅಂತ. ಅದಕ್ಕೆ ಕೈಯನ್ನು ಎಳೆಯಬೇಕು, ಬಿಟ್ಟರೆ ಹಾಗೇ ಹಿಡಿದುಕೊಳ್ಳುತ್ತದೆ ಅಂದರು. ನಮ್ಮ ಅತ್ತೆಯವರು ‘ಎಣ್ಣಿ ಹಚ್ಚಿ ಎಳಸು, ಎರಡ ದಿನದಾಗ ಹಗೂರ ಆಕ್ಕೈತಿ’ ಅಂದರು. ಪ್ರೀತಿಯಿಂದಲೇ ಹೇಳಿದ್ದು. ಎಳೆಸಿಕೊಂಡು ಬಂದೆ. ಅವತ್ತು ರಾತ್ರಿ ಇಡೀ ಕೂತು ಕಳೆದೆ.

ಫ್ರೋಜನ್ ಶೋಲ್ಡರ್‌ಗೂ ನನ್ನ ನೋವಿಗೂ ಇರುವ ವ್ಯತ್ಯಾಸವನ್ನು ಆಮೇಲೆ ಫಿಸಿಯೋ ಮೇಡಂ ಒಂದು ನಿಮಿಷದಲ್ಲಿ ತೋರಿಸಿದರು. ಫ್ರೋಜನ್ ಶೋಲ್ಡರ್‌ನಲ್ಲಿ ನೀವು ಎತ್ತಿದರೂ ಕೈ ಏಳುವುದಿಲ್ಲ, ಬೇರೆಯವರು ಹಿಡಿದು ಎತ್ತಿದರೂ ಏಳುವುದಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿಟ್ಟು ಮುಂಗೈಯನ್ನು ಹೊರಕ್ಕೆ ತಿರುಗಿಸಲೂ ಆಗುವುದಿಲ್ಲ. ಕೀಲೇ ಬಿಗಿದಿರುತ್ತದೆ. ನನಗೆ ಹಾಗಿರಲಿಲ್ಲ. ಅವರು ಹಿಡಿದು ಎತ್ತಿದರೆ ಕೈ ತಲೆಯ ಮೇಲಿನ ತನಕ ಹೋಯಿತು. ನಾನೇ ಎತ್ತಿದರೆ ನೋವು, ಬಲ ಇಲ್ಲ. ಅಂದರೆ ಕೀಲು ಸರಿ ಇದೆ, ಎತ್ತುವ ಎಳೆಗೆ ಪೆಟ್ಟಾಗಿದೆ. ಬದಿಯಿಂದ ಕೈ ಎತ್ತುವಾಗ ಸುಮಾರು 60 ಡಿಗ್ರಿಗೆ ನೋವು ಹತ್ತಿ 120 ದಾಟಿದ ಮೇಲೆ ಇಳಿಯುವುದನ್ನು ನಾನು ಮೊದಲೇ ಗಮನಿಸಿದ್ದೆ. ದಿನವೂ ಕೋನಮಾಪಕ ಹಿಡಿಯುವವಳು, ಕಣ್ಣಿಗೆ ಬಿತ್ತು. ಅದಕ್ಕೆ ‘ಪೇನ್‌ಫುಲ್ ಆರ್ಕ್’ ಅಂತ ಹೆಸರೇ ಇದೆಯಂತೆ.

ಆದರೆ ಫಿಸಿಯೋ ಹತ್ತಿರ ಹೋಗುವ ಮೊದಲು ಇನ್ನೊಂದು ತಪ್ಪು ಆಯಿತು. ಎಲ್ಲಕ್ಕಿಂತ ದೊಡ್ಡದು ಅದೇ. ದಸರಾ ರಜೆಯಲ್ಲಿ ಒಂದು ಕಡೆ ಭುಜಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡೆ. ನಾಲ್ಕೇ ದಿನದಲ್ಲಿ ನೋವು ಮಾಯ. ವಾಸಿಯಾಯಿತು ಅಂದುಕೊಂಡೆ. ಎಷ್ಟು ದಿನ ಭಾರ ಎತ್ತಬಾರದು ಅಂತ ಇಂಜೆಕ್ಷನ್ ಹಾಕಿದವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹತ್ತನೇ ದಿನ ಮತ್ತೆ ಅದೇ ಮಷಿನ್‌ನಲ್ಲಿ ಕೂತೆ. ಮೂರನೇ ಸೆಟ್‌ನಲ್ಲಿ ಒಳಗೆ ಏನೋ ಹರಿದ ಹಾಗಾಯಿತು. ಕೈ ಇಳಿಸಿದೆ. ಮತ್ತೆ ಎತ್ತಲು ಹೋದರೆ ಏಳಲಿಲ್ಲ.

ಇಂಜೆಕ್ಷನ್ನೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಅದು ಊತ, ನೋವು ಇಳಿಸುತ್ತದೆ. ಸವೆದ ಎಳೆಯನ್ನು ಜೋಡಿಸುವುದಿಲ್ಲ. ನೋವು ಇಲ್ಲ ಅಂದ ಮಾತ್ರಕ್ಕೆ ಗಾಯ ಇಲ್ಲ ಅಂತ ಅಲ್ಲ. ಇಂಜೆಕ್ಷನ್ ಹಾಕಿಸಿಕೊಂಡವರು ಯಾವಾಗ, ಎಷ್ಟು ತೂಕ ಎತ್ತಬಹುದು ಅಂತ ಬಾಯಿಬಿಟ್ಟು ಕೇಳಿ.

ಎಂಆರ್‌ಐನಲ್ಲಿ ಸುಪ್ರಾಸ್ಪೈನೇಟಸ್ ಅನ್ನುವ ಸ್ನಾಯುವಿನ ಟೆಂಡನ್ (ಸ್ನಾಯುವನ್ನು ಎಲುಬಿಗೆ ಕಟ್ಟುವ ಎಳೆ) ಅರ್ಧ ಹರಿದದ್ದು ಕಂಡಿತು. ಪೂರ್ತಿ ಹರಿದಿರಲಿಲ್ಲ, ಆಪರೇಷನ್ ಬೇಕಾಗಲಿಲ್ಲ. ಅದೊಂದು ಪುಣ್ಯ.

ಒಳಗೆ ಏನಾಗುತ್ತದೆ ಅಂತ ಫಿಸಿಯೋ ಮೇಡಂ ವಿವರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಸೊಂಟದ ಕೀಲು ಒರಳಿನೊಳಗೆ ಕೂತ ಗುಂಡುಕಲ್ಲಿನ ಹಾಗೆ, ಆಳವಾಗಿ ಕೂತಿರುತ್ತದೆ. ಭುಜದ ಕೀಲು ಹಾಗಲ್ಲ. ಚಹಾದ ಬಸಿಯ ಮೇಲೆ ಒಂದು ದೊಡ್ಡ ಇಂಡಿ ಲಿಂಬೆಹಣ್ಣು ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತದೆ, ಅದಕ್ಕೇ ಜಾರುವ ಅಪಾಯವೂ ಜಾಸ್ತಿ. ಆ ಲಿಂಬೆಯನ್ನು ಬಸಿಗೆ ಒತ್ತಿ ಹಿಡಿಯುವುದು ನಾಲ್ಕು ಸಣ್ಣ ಸ್ನಾಯುಗಳು: ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪ್ಯುಲಾರಿಸ್. ಈ ನಾಲ್ಕೂ ಸೇರಿ ರೊಟೇಟರ್ ಕಫ್. ಹೊರಗೆ ಕಾಣುವ ದಪ್ಪ ಸ್ನಾಯು ಕೈಯನ್ನು ಮೇಲೆಳೆಯುವಾಗ ಲಿಂಬೆಯೂ ಮೇಲಕ್ಕೆ ಸರಿಯಲು ನೋಡುತ್ತದೆ. ಅದನ್ನು ತಡೆದು ನಡುವಿನಲ್ಲೇ ಇಡುವುದು ಈ ನಾಲ್ಕರ ಕೆಲಸ. ಮೇಲೆ ಅಕ್ರೋಮಿಯನ್ ಅನ್ನುವ ಎಲುಬಿನ ಚಾವಣಿ ಇದೆ. ಭುಜದ ತುದಿ ಮುಟ್ಟಿದರೆ ಕೈಗೆ ಗಟ್ಟಿಯಾಗಿ ಸಿಗುತ್ತದಲ್ಲ, ಅದು. ಲಿಂಬೆಗೂ ಚಾವಣಿಗೂ ನಡುವೆ ಸುಮಾರು 1 ಸೆಂಟಿಮೀಟರ್ ಜಾಗ. ಸುಪ್ರಾಸ್ಪೈನೇಟಸ್ ಅಲ್ಲೇ ಹಾದುಹೋಗುತ್ತದೆ.

ಈಗ ಜಡೆ ಹಾಕಿಕೊಳ್ಳುವ ಭಂಗಿ ನೆನೆಸಿಕೊಳ್ಳಿ. ಮೊಣಕೈ ಎತ್ತರಕ್ಕೆ, ಹಿಂದಕ್ಕೆ. ಅಂಗೈ ತಲೆಯ ಹಿಂದೆ. ಭುಜ ಹೊರಕ್ಕೆ ತಿರುಗುವ ಕೊನೆಯ ಮಿತಿ ಅದು. ಬ್ಯಾಕ್ ಪ್ರೆಸ್ ಅಂದರೆ ಅದೇ ಭಂಗಿಯಲ್ಲಿ ತೂಕ ಹೊರುವುದು. ದಿನವಿಡೀ ಬಾಗಿ ಪೇಪರ್ ತಿದ್ದಿ ಬೆನ್ನು ಗೂನಾದವರಿಗೆ ಆ ಮಿತಿ ಇನ್ನೂ ಬೇಗ ಬರುತ್ತದೆ. ಸ್ಮಿತ್ ಮಷಿನ್‌ನಲ್ಲಿ ರಾಡ್ ಕಂಬಿಯ ಮೇಲೆ ಒಂದೇ ಗೆರೆಯಲ್ಲಿ ಓಡುತ್ತದೆ. ನೋವಾದಾಗ ಕೈಯನ್ನು ಸ್ವಲ್ಪ ಮುಂದೆ ತರೋಣ ಅಂದರೂ ಆಗುವುದಿಲ್ಲ.

ಚಾರ್ಟಿನಲ್ಲಿದ್ದ ಉಳಿದ ಎರಡೂ ಅದೇ ಜಾಗಕ್ಕೆ ಪೆಟ್ಟು ಕೊಟ್ಟವು. ಅಪ್‌ರೈಟ್ ರೋನಲ್ಲಿ ರಾಡನ್ನು ಗದ್ದದ ತನಕ ಎಳೆಸುತ್ತಿದ್ದರು. ಆಗ ತೋಳು ಒಳಕ್ಕೆ ತಿರುಗಿಕೊಂಡೇ ಮೇಲೇಳುತ್ತದೆ. ಭುಜದಲ್ಲಿ ಒತ್ತು ಬೀಳುತ್ತಿದೆಯಾ ಅಂತ ನೋಡಲು ಡಾಕ್ಟರುಗಳು ಹೆಚ್ಚು ಕಡಿಮೆ ಇದೇ ಭಂಗಿಯಲ್ಲಿ ಕೈ ತಿರುಗಿಸುತ್ತಾರೆ. ಸೈಡ್ ರೈಸ್ ಮಾಡುವಾಗ ‘ತಂಬಿಗಿಯಿಂದ ನೀರ್ ಸುರಿದಂಗ’ ಕಿರುಬೆರಳು ಮೇಲೆ ಮಾಡಿ ಅಂತ ಹೇಳಿಕೊಟ್ಟಿದ್ದರು. ಅದೂ ತೋಳನ್ನು ಒಳಕ್ಕೆ ತಿರುಗಿಸುತ್ತದೆ. ಹೆಬ್ಬೆರಳು ಸ್ವಲ್ಪ ಮೇಲಿದ್ದರೆ ಭುಜಕ್ಕೆ ಆರಾಮ.

ನಮ್ಮ ಮೈದುನ 15 ವರ್ಷದಿಂದ ಬ್ಯಾಕ್ ಪ್ರೆಸ್ ಮಾಡುತ್ತಾನೆ. ಅವನಿಗೆ ಏನೂ ಆಗಿಲ್ಲ. ಅದು ಸುಳ್ಳಲ್ಲ. ಹುಡುಗನಿದ್ದಾಗಿನಿಂದ ಊರ ಗರಡಿಯಲ್ಲಿ ಗದೆ ತಿರುಗಿಸಿದವನು, ಭುಜ ಅಷ್ಟು ಸಡಿಲ, ಅಷ್ಟು ಪಳಗಿದೆ. ಎಲ್ಲರ ಎಲುಬಿನ ಆಕಾರ ಒಂದೇ ಅಲ್ಲ, ವಯಸ್ಸಾದಂತೆ ಟೆಂಡನ್ ಸವೆಯುವುದೂ ಇದೆ, ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ನನ್ನ ವಿಷಯದಲ್ಲಿ ಭಂಗಿ ಒಂದೇ ಕಾರಣ ಅಲ್ಲ. ಎಂದೂ ಭಾರ ಹೊರದ ಭುಜಕ್ಕೆ ಎರಡು ತಿಂಗಳಲ್ಲಿ ಪ್ಲೇಟಿನ ತೂಕ ಮೂರು ಪಟ್ಟು ಏರಿಸಿದ್ದೂ ಕಾರಣ. ಅವನಿಗೆ ಸಲ್ಲುತ್ತದೆ ಅಂತ ನಮಗೂ ಸಲ್ಲಬೇಕಿಲ್ಲ, ಅಲ್ವಾ? ಬೇರೆ ದಾರಿ ಇರುವಾಗ ಆ ಅಪಾಯ ಯಾಕೆ?

ಬೇರೆ ದಾರಿ ಖಂಡಿತ ಇದೆ. ಶೋಲ್ಡರ್ ಪ್ರೆಸ್ಸನ್ನೇ ಬಿಡಬೇಕಾಗಿಲ್ಲ. ನಾನು ಈಗ ಮಾಡುವುದನ್ನು ಹೇಳುತ್ತೇನೆ.

ಮೊದಲು ಗೋಡೆಯ ಪರೀಕ್ಷೆ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಸೊಂಟ ಬಿಲ್ಲಿನ ಹಾಗೆ ಬಾಗದಂತೆ ಎರಡೂ ಕೈ ನೇರ ಮುಂದಿನಿಂದ ಮೇಲೆತ್ತಿ. ನೋವಿಲ್ಲದೆ ಹೆಬ್ಬೆರಳು ಗೋಡೆ ಮುಟ್ಟಿದರೆ ತಲೆಯ ಮೇಲೆ ನೇರ ಒತ್ತುವ ಪ್ರೆಸ್ ಪ್ರಯತ್ನಿಸಬಹುದು. ಮುಟ್ಟದಿದ್ದರೆ ಈಗಲೇ ಬೇಡ. ನನ್ನ ಕೈ ಗೋಡೆಯಿಂದ ಒಂದು ಗೇಣು ದೂರ ನಿಂತಿತ್ತು. ಸೇರಿದ ದಿನವೇ ಯಾರಾದರೂ ಇದನ್ನು ಮಾಡಿಸಿದ್ದರೆ ಈ ಬರಹ ಬರೆಯುವ ಕೆಲಸವೇ ಇರುತ್ತಿರಲಿಲ್ಲ.

ಮುಟ್ಟದವರಿಗೆ ಲ್ಯಾಂಡ್‌ಮೈನ್ ಪ್ರೆಸ್ ಒಳ್ಳೆಯದು. ರಾಡಿನ ಒಂದು ತುದಿಯನ್ನು ಹಳೆ ಟವೆಲ್ ಸುತ್ತಿ ಗೋಡೆಯ ಮೂಲೆಗೆ ಇಡುವುದು. ಇನ್ನೊಂದು ತುದಿಯನ್ನು ಒಂದು ಕೈಯಲ್ಲಿ ಎದೆಯ ಮುಂದೆ ಹಿಡಿದು ಓರೆಯಾಗಿ ಮುಂದಕ್ಕೆ, ಮೇಲಕ್ಕೆ ಒತ್ತುವುದು. ಕೈ ಪೂರ್ತಿ ತಲೆಯ ಮೇಲೆ ಹೋಗುವುದಿಲ್ಲ, ಬೆನ್ನ ಮೇಲಿನ ಭುಜದ ಹಲಗೆಯೆಲುಬು ಆರಾಮಾಗಿ ತಿರುಗುತ್ತದೆ. ಒಂದು ಎಚ್ಚರಿಕೆ: ದೊಡ್ಡ ರಾಡ್ 20 ಕೆಜಿ ಇರುತ್ತದೆ. ಒಂದು ತುದಿ ಎತ್ತಿದರೂ ಸುಮಾರು ಅರ್ಧ ತೂಕ ಕೈಗೆ ಬರುತ್ತದೆ. ಪ್ಲೇಟ್ ಹಾಕಬೇಡಿ. ಅದೂ ಭಾರ ಅನಿಸಿದರೆ ಸಣ್ಣ ರಾಡ್ ಕೇಳಿ.

ಮುಟ್ಟುವವರು ಡಂಬಲ್ಸ್‌ನಿಂದ ಶುರು ಮಾಡಿ. ಅಂಗೈಗಳು ಒಂದಕ್ಕೊಂದು ಎದುರಾಗಿರಲಿ. ಮೊಣಕೈಯನ್ನು ನೇರ ಬದಿಗೆ ಚಾಚದೆ ಸುಮಾರು 30 ಡಿಗ್ರಿ ಮುಂದೆ ತನ್ನಿ. ಹಲಗೆಯೆಲುಬು ಬೆನ್ನ ಮೇಲೆ ಕೂತಿರುವುದೇ ಹೆಚ್ಚು ಕಡಿಮೆ ಆ ಓರೆಯಲ್ಲಿ, ಹಾಗಾಗಿ ಲಿಂಬೆ ಬಸಿಗೆ ಎದುರಾಗಿ ಕೂರುತ್ತದೆ. ತೋಳು ಭುಜದ ಮಟ್ಟಕ್ಕೆ ಬಂದರೆ ಸಾಕು, ಅದಕ್ಕಿಂತ ಆಳಕ್ಕೆ ಇಳಿಸಲೇಬೇಕು ಅಂತಿಲ್ಲ. ಬೆಂಚಿನ ಬೆನ್ನನ್ನು ಒಂದು ಮನೆ ಹಿಂದಕ್ಕೆ ಒರಗಿಸಿದರೆ ಇನ್ನೂ ಹಗುರ.

ಇನ್ನೊಂದು ಮಾತು ಜಿಮ್‌ನಲ್ಲಿ ಜೋರಾಗಿ ಕೂಗಿ ಹೇಳುತ್ತಾರೆ: ‘ಶೋಲ್ಡರ್ ಕೆಳಗ ಇಡ್ರಿ!’ ಕೈ ಮೇಲೆ ಹೋಗುವಾಗ ಅದನ್ನು ಪಾಲಿಸಬೇಡಿ. ಕೈ 180 ಡಿಗ್ರಿ ಏಳುವುದರಲ್ಲಿ ಸುಮಾರು 120 ಕೀಲಿನದು, 60 ಹಲಗೆಯೆಲುಬಿನದು. ಹಲಗೆಯನ್ನು ಕೆಳಗೆ ಹಿಡಿದಿಟ್ಟರೆ ಅದರದೇ ಭಾಗವಾದ ಚಾವಣಿ ದಾರಿ ಬಿಟ್ಟು ಸರಿಯುವುದಿಲ್ಲ. ಹಲಗೆ ಕೈಯ ಜೊತೆ ಮೇಲೆ ತಿರುಗಲಿ.

ಗುಣವಾಗಲು ನಾನು ಮಾಡಿದ್ದು ನೋಡಲು ಏನೂ ಅಲ್ಲ ಅನಿಸುವಂಥದ್ದು. ಪಕ್ಕೆಗೂ ಮೊಣಕೈಗೂ ನಡುವೆ ಟವೆಲ್ ಸುರುಳಿ ಇಟ್ಟು, ರಬ್ಬರ್ ಬ್ಯಾಂಡನ್ನು ನಿಧಾನ ಹೊರಕ್ಕೆ ಎಳೆಯುವುದು. ಗೋಡೆಗೆ ಮುಂಗೈ ಒತ್ತಿ ಮೇಲಕ್ಕೆ ಜಾರಿಸುವುದು. ವಾರಗಟ್ಟಲೆ ಇಷ್ಟೇ. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಗೆ ಹೋಗುವಾಗಲೂ ಮಗಳೇ ಜಡೆ ಹಾಕಿದಳು. ಮಾರ್ಚ್‌ನಲ್ಲಿ ಮೊದಲ ಸಲ ಬೋರ್ಡಿನ ಮೇಲ್ತುದಿಯಲ್ಲಿ ದಿನಾಂಕ ಬರೆದೆ. ಈಗ 3 ಕೆಜಿ ಡಂಬಲ್ಸ್ ಒತ್ತುತ್ತೇನೆ, ಒತ್ತುವ ಪ್ರತಿ ಸೆಟ್‌ಗೆ ಎರಡು ಸೆಟ್ ರೋಯಿಂಗ್ ಎಳೆಯುತ್ತೇನೆ.

ರಾತ್ರಿ ಭುಜದ ನೋವಿಗೆ ಎಚ್ಚರವಾಗುತ್ತಿದ್ದರೆ ಮುಂದಿನ ಸೆಟ್ ಬಿಟ್ಟು ಮೂಳೆ ಡಾಕ್ಟರನ್ನೋ ಫಿಸಿಯೋವನ್ನೋ ಕಾಣಿ. ಒಮ್ಮೆಲೇ ಕೈ ಏಳದೇ ಹೋದರೆ ಒಂದು ದಿನವೂ ತಡಮಾಡಬೇಡಿ. ಎಳೆಸಲು ಅಂತೂ ಹೋಗಲೇಬೇಡಿ.

ಮೊನ್ನೆ ಹಳೆ ಜಿಮ್‌ಗೆ ಹೋಗಿ ಟ್ರೇನರ್ ಹುಡುಗನಿಗೆ ಎಂಆರ್‌ಐ ತೋರಿಸಿ ಇದೆಲ್ಲ ಹೇಳಿದೆ. ಗಮನವಿಟ್ಟು ಕೇಳಿದ. ಚಾರ್ಟ್ ಮಾಲೀಕರು ಹಾಕಿಸಿದ್ದು, ತಾನು ತೆಗೆಯಲು ಬರುವುದಿಲ್ಲ ಅಂದ. ಅದು ಗೋಡೆ ಮೇಲೆ ಹಾಗೇ ಇದೆ. ನಿಮ್ಮ ಮನೆಯಲ್ಲಿ ಯಾರಾದರೂ ಜಿಮ್‌ಗೆ ಹೋಗುತ್ತಿದ್ದರೆ, ಅವರ ಶೋಲ್ಡರ್ ಡೇ ಯಾವ ವಾರ, ಅವತ್ತು ಏನು ಮಾಡಿಸುತ್ತಾರೆ ಅಂತ ಇವತ್ತೇ ಕೇಳಿ.